ಹಳೆಯ ಕಡಲೂರಿನಲ್ಲಿ ಇಬ್ಬರ ಬೇಸಿಗೆ ರಜೆ: ಮೊದಲು ಏನು, ಆಮೇಲೆ ಏನು

ಕೋಟೆ, ಕಲ್ಲು ಹಾಸಿದ ಓಣಿಗಳು, ಓಣಿಯ ತುದಿಯಲ್ಲಿ ಕಡಲು. ಇಂಥ ಊರಿಗೆ ಬೇಸಿಗೆಯಲ್ಲಿ ಹೋಗಿ ಬಂದ ಗಂಡ-ಹೆಂಡತಿಯರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಎರಡನೆಯ ದಿನಕ್ಕೇ ಹೆಗಲು ಸುಟ್ಟು ಕೆಂಪಾಯಿತು. ಕೋಟೆ ಹತ್ತಿದಾಗ ಎಲ್ಲೂ ನೆರಳಿರಲಿಲ್ಲ. ನಡೆದೇ ಹೋಗಬಹುದು ಅಂದುಕೊಂಡಿದ್ದ ದ್ವೀಪದ ದಾರಿ ನೀರಿನಡಿ ಇತ್ತು. ಮೂರನೆಯ ದಿನ ಇಬ್ಬರಿಗೂ ಮಾತಾಡುವ ಮನಸ್ಸೇ ಇರಲಿಲ್ಲ.

ಇದರಲ್ಲಿ ಊರಿನ ತಪ್ಪಿಲ್ಲ, ಜೊತೆಗಿದ್ದವರ ತಪ್ಪೂ ಇಲ್ಲ. ಕೆಲಸದ ಕ್ರಮ ತಪ್ಪಿದೆ, ಅಷ್ಟೆ. ಹೆಚ್ಚಿನವರು ಮೊದಲು ರೂಮು ಬುಕ್ ಮಾಡುತ್ತಾರೆ. ಆಮೇಲೆ ನೋಡುವ ಜಾಗಗಳ ಪಟ್ಟಿ ಮಾಡುತ್ತಾರೆ. ಕಡಲು ಯಾವಾಗ ಏರುತ್ತದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅನ್ನುವುದು ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ. ಇದನ್ನು ತಿರುಗಿಸಿ. ಮೊದಲು ಉಬ್ಬರ, ಆಮೇಲೆ ಬಿಸಿಲಿನ ದಿಕ್ಕು ನೋಡಿ ರೂಮು, ಕೊನೆಗೆ ಜಾಗಗಳ ಪಟ್ಟಿ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ದಯವಿಟ್ಟು ಹಾರಿಸಬೇಡಿ. ಎರಡನೆಯ ಹಂತವನ್ನಂತೂ ಬಿಡಲೇಬೇಡಿ.

## ಕೈಯಲ್ಲಿ ಏನೇನು ಇರಬೇಕು

ಆ ಊರಿನ ಉಬ್ಬರ-ಇಳಿತದ ಪಟ್ಟಿ ಬೇಕು. ಮೊಬೈಲ್‌ನಲ್ಲಿ ಒಂದು, ಕಾಗದದ ಮೇಲೆ ಬರೆದುಕೊಂಡದ್ದು ಇನ್ನೊಂದು. ಇಬ್ಬರಿಗೂ ಕೈಗಡಿಯಾರ ಇದ್ದರೆ ಒಳ್ಳೆಯದು, ಏಕೆಂದರೆ ಮೊಬೈಲ್ ಸಾಮಾನ್ಯವಾಗಿ ಬ್ಯಾಗಿನ ತಳದಲ್ಲಿರುತ್ತದೆ.

ಕಾಲಿಗೆ ಬೆರಳು ಮುಚ್ಚುವ, ರಬ್ಬರ್ ತಳದ, ಒದ್ದೆಯಾದರೂ ಬೇಜಾರಾಗದ ಹಳೆಯ ಶೂ. ಹವಾಯಿ ಚಪ್ಪಲಿ ಮರಳಿಗೆ ಸರಿ, ಬಂಡೆಗೂ ಕೋಟೆಯ ಮೆಟ್ಟಿಲಿಗೂ ಸರಿಯಲ್ಲ. ತಲೆಗೆ ಸುತ್ತಲೂ ಅಂಚಿರುವ ಟೋಪಿ, ಗಾಳಿಗೆ ಹಾರದಂತೆ ಗಲ್ಲದ ಕೆಳಗೆ ಕಟ್ಟುವ ದಾರ ಇರುವಂಥದ್ದು. ಮುಂಗೈವರೆಗೆ ಮುಚ್ಚುವ ತೆಳು ಹತ್ತಿ ಅಂಗಿ ತಲಾ ಎರಡು. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿಯ ಸನ್‌ಸ್ಕ್ರೀನ್, ಇಬ್ಬರಿಗೂ ಬೇರೆ ಬೇರೆ ಬಾಟಲಿ.

ಉಳಿದದ್ದು ಸಣ್ಣಪುಟ್ಟ ಸಾಮಾನು. ತಲಾ ಒಂದೊಂದು ಲೀಟರ್ ನೀರಿನ ಬಾಟಲಿ, ಸೀಟಿ, ಸಣ್ಣ ಟಾರ್ಚ್, ಚಿಮಟ, ಬ್ಯಾಂಡೇಜ್, ನೀರು ಒಳಗೆ ಹೋಗದ ಒಂದು ಚೀಲ. ಇವೆಲ್ಲ ಸೇರಿ ಒಂದು ಕೈಚೀಲವೂ ತುಂಬುವುದಿಲ್ಲ.

## ಹಂತ 1: ತಾರೀಖು ಆರಿಸುವ ಮೊದಲು ಚಂದ್ರನನ್ನು ನೋಡಿ

ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಕಡಲು ಅತಿ ಹೆಚ್ಚು ಏರುತ್ತದೆ, ಅತಿ ಹೆಚ್ಚು ಇಳಿಯುತ್ತದೆ. ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ ಇದು ತುದಿ ಮುಟ್ಟುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಮನೆಯ ಗೋಡೆಯ ಕ್ಯಾಲೆಂಡರ್ ನೋಡಿದರೂ ಇಷ್ಟು ತಿಳಿದುಬಿಡುತ್ತದೆ.

ಬಂಡೆಗಳ ನಡುವೆ ನಡೆಯಬೇಕು, ಇಳಿತದಲ್ಲಿ ತೆರೆದುಕೊಳ್ಳುವ ದಾರಿಯಲ್ಲಿ ದ್ವೀಪಕೋಟೆಗೆ ಹೋಗಬೇಕು ಅಂತ ಆಸೆಯಿದ್ದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ನಂತರದ ಎರಡು ಮೂರು ದಿನ ನಿಮ್ಮ ರಜೆಯೊಳಗೆ ಬರಲಿ. ಸುಮ್ನೆ ಮರಳ ಮೇಲೆ ಕೂರುವುದು, ಸ್ವಲ್ಪ ಈಜುವುದು ಸಾಕು ಅನ್ನುವವರಿಗೆ ಅಷ್ಟಮಿಯ ವಾರವೇ ನೆಮ್ಮದಿ. ನೀರು ಹೆಚ್ಚು ದೂರ ಓಡುವುದಿಲ್ಲ, ಸೆಳೆತವೂ ಕಡಿಮೆ.

ಎಲ್ಲ ಕಡಲೂ ಒಂದೇ ಥರ ಅಲ್ಲ. ಫ್ರಾನ್ಸಿನ ಸಾಂ ಮಾಲೊದಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟ 12 ಮೀಟರ್‌ಗೂ ಹೆಚ್ಚು ಏರಿಳಿಯುತ್ತದೆ. ಮೂರು ನಾಲ್ಕು ಮಹಡಿಯ ಮನೆಯಷ್ಟು ಎತ್ತರ ಅದು. ಕ್ರೊಯೇಷ್ಯಾದ ಡುಬ್ರೊವ್ನಿಕ್‌ನಲ್ಲಿ, ಶ್ರೀಲಂಕಾದ ಗಾಲೆಯಲ್ಲಿ ಅದು ಒಂದು ಮೀಟರ್ ಕೂಡ ಆಗುವುದಿಲ್ಲ. ನೀವು ಹೋಗುವ ಊರು ಯಾವ ಗುಂಪಿಗೆ ಸೇರುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಏರಿಳಿತ ಒಂದು ಮೀಟರ್‌ಗಿಂತ ಕಡಿಮೆ ಇದ್ದರೆ ಎರಡನೆಯ ಹಂತದ ಲೆಕ್ಕ ನಿಮಗೆ ಅಷ್ಟೊಂದು ಬೇಕಾಗುವುದಿಲ್ಲ. ಬಿಸಿಲಿನ ಲೆಕ್ಕ ಮಾತ್ರ ಎರಡೂ ಕಡೆ ಒಂದೇ.

ಇನ್ನೊಂದು ವಿಷಯ. ಭೂಮಿ ಬೇಗ ಕಾಯುತ್ತದೆ, ಕಡಲು ನಿಧಾನ. ತಂಪು ದೇಶಗಳಲ್ಲಿ ಬೇಸಿಗೆಯ ಆರಂಭದಲ್ಲಿ ಹೊರಗೆ ಒಳ್ಳೆಯ ಬಿಸಿಲಿದ್ದರೂ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ನೀರು ಬೆಚ್ಚಗಾಗುವುದು ಬೇಸಿಗೆ ಮುಗಿಯುತ್ತ ಬಂದಾಗ. ಈಜುವುದೇ ಮುಖ್ಯ ಅನ್ನುವವರು ರಜೆಯನ್ನು ಆ ಕಡೆಗೆ ತಳ್ಳಿ.

## ಹಂತ 2: ಉಬ್ಬರದ ಪಟ್ಟಿಯನ್ನು ಸರಿಯಾಗಿ ಓದಿ

ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಸೋಮವಾರ ಬೆಳಗ್ಗೆ 7ಕ್ಕೆ ದಾರಿ ತೆರೆದಿತ್ತು ಅಂತ ಗುರುವಾರವೂ 7ಕ್ಕೆ ಹೋದರೆ ಆಗುವುದಿಲ್ಲ. ಗುರುವಾರದ ಇಳಿತ ಒಂಬತ್ತೂವರೆಗೆ. ವಾರ ಕಳೆದರೆ ಪೂರ್ತಿ ಉಲ್ಟಾ: ಇಳಿತವಿದ್ದ ಹೊತ್ತಿಗೆ ಉಬ್ಬರ.

ಪಟ್ಟಿ ಸಿಕ್ಕಿದ ಮೇಲೆ ನಾಲ್ಕು ಸಂಗತಿ ನೋಡಿ.

1. ಪಟ್ಟಿ ಯಾವ ಬಂದರಿನದು? ಪಕ್ಕದ ಊರಿನ ಪಟ್ಟಿ ಹಿಡಿದು ಹೋದರೆ ಲೆಕ್ಕ ತಪ್ಪುತ್ತದೆ. ಹೊಳೆಯ ಬಾಯಿ, ಕೊಲ್ಲಿ ಇದ್ದರಂತೂ ಹತ್ತಿರದ ಎರಡು ಜಾಗಗಳ ನಡುವೆಯೂ ವ್ಯತ್ಯಾಸ ಇರುತ್ತದೆ.

2. ಸಮಯ ಯಾವ ಲೆಕ್ಕದ್ದು? ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತವೆ, ಉಬ್ಬರದ ಪಟ್ಟಿ ಮಾತ್ರ ಹಾಗೇ ಇರುತ್ತದೆ. ಬ್ರಿಟನ್ನಿನ ಹಲವು ಪಟ್ಟಿಗಳು ವರ್ಷವಿಡೀ ಗ್ರೀನಿಚ್ ಸಮಯದಲ್ಲೇ ಇರುತ್ತವೆ. ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ನೀವೇ ಕೂಡಿಸಬೇಕು. ಜಾಸ್ತಿ ಜನ ಎಡವುವುದು ಇಲ್ಲೇ.

3. ಎತ್ತರ ಎಷ್ಟು? ಇವತ್ತಿನ ಇಳಿತ ನಿನ್ನೆಯಷ್ಟೇ ಕೆಳಗೆ ಹೋಗುತ್ತದೆ ಅಂತೇನಿಲ್ಲ. ಸಮಯ ಸರಿಯಿದ್ದರೂ ನೀರು ಸಾಕಷ್ಟು ಇಳಿಯದಿದ್ದರೆ ದಾರಿ ತೆರೆಯುವುದೇ ಇಲ್ಲ.

4. ಹವಾಮಾನ ಹೇಗಿದೆ? ಪಟ್ಟಿ ಚಂದ್ರ, ಸೂರ್ಯರ ಲೆಕ್ಕ ಹೇಳುತ್ತದೆ, ಗಾಳಿಯದ್ದಲ್ಲ. ವಾಯುಭಾರ ಒಂದು ಹೆಕ್ಟೊಪಾಸ್ಕಲ್ (ವಾಯುಭಾರ ಅಳೆಯುವ ಮಾನ) ಕುಸಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಅದರ ಜೊತೆಗೆ ದಡದ ಕಡೆಗೆ ಜೋರು ಗಾಳಿ ಬೀಸಿದರೆ ನೀರು ಪಟ್ಟಿಯಲ್ಲಿರುವುದಕ್ಕಿಂತ ಮೇಲೆ ಬರುತ್ತದೆ.

ಈಗ ಮುಖ್ಯವಾದ ಮಾತು. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ ಇರುವ ಆರು ಗಂಟೆಯನ್ನು ನಾವಿಕರು ಹನ್ನೆರಡು ಪಾಲಾಗಿ ಲೆಕ್ಕ ಹಾಕುತ್ತಾರೆ. ಮೊದಲ ಗಂಟೆ ಒಂದು ಪಾಲು, ಎರಡನೆಯದು ಎರಡು, ಮೂರನೆಯದು ಮೂರು, ನಾಲ್ಕನೆಯದು ಮೂರು, ಐದನೆಯದು ಎರಡು, ಆರನೆಯದು ಒಂದು. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಮೊದಲ ಗಂಟೆ ನೋಡಿ "ನಿಧಾನಕ್ಕೆ ಬರ್ತಿದೆ, ಇನ್ನೂ ಟೈಮಿದೆ" ಅಂದುಕೊಂಡವರೇ ಸಿಕ್ಕಿಹಾಕಿಕೊಳ್ಳುವುದು.

ನಾವೂ ಹಾಗೇ ಸಿಕ್ಕಿಹಾಕಿಕೊಂಡಿದ್ದೆವು. ಮದುವೆಯಾದ ಎರಡನೆಯ ವರ್ಷ. ದಡದಿಂದ ಇನ್ನೂರು ಹೆಜ್ಜೆಯಷ್ಟು ದೂರದ ಒಂದು ಸಣ್ಣ ಕೋಟೆ. ಇಳಿತ ಎಷ್ಟು ಹೊತ್ತಿಗೆ ಅಂತ ನೋಡಿದ್ದೆವು, ಸರಿಯಾಗಿ ಆ ಹೊತ್ತಿಗೇ ಹೊರಟೆವು. ಅದೇ ತಪ್ಪಾಯಿತು. ಇಳಿತದ ಹೊತ್ತು ಅಂದರೆ ನೀರು ವಾಪಸ್ ದಡದ ಕಡೆಗೆ ಹೊರಡುವ ಹೊತ್ತು. ಕೋಟೆಯ ಹಿಂಬದಿಯಲ್ಲಿ ಫೋಟೊ ತೆಗೆದುಕೊಂಡು ಮುಂದೆ ಬಂದು ನೋಡಿದರೆ ದಾರಿಯ ನಡುಭಾಗ ಆಗಲೇ ಮುಳುಗಿತ್ತು. ನಮ್ಮವರು ನೀರಿಗಿಳಿದು ದಾಟೋಣ ಅಂದರು, ನಾನು ಬೇಡ ಅಂದೆ. ಸಂಜೆಯವರೆಗೂ ಒಂದು ಬಾಟಲಿ ನೀರಿನಲ್ಲಿ ಕೂತಿದ್ದೆವು. ಕೂತದ್ದೇ ಸರಿಯಾಗಿತ್ತು ಅಂತ ಈಗಲೂ ನಂಬುತ್ತೇನೆ. ಮೊಣಕಾಲುದ್ದ ಹರಿಯುವ ನೀರೂ ನಿಂತವರನ್ನು ಬೀಳಿಸುತ್ತದೆ.

ನಿಯಮ ಇಷ್ಟು: ಇಳಿತಕ್ಕೆ ಎರಡು ಗಂಟೆ ಮೊದಲು, ದಾರಿ ಪೂರ್ತಿ ತೆರೆದ ಮೇಲೆ ಹೊರಡಿ. ಇಳಿತದ ಹೊತ್ತಿಗೆ ವಾಪಸ್ ಹೆಜ್ಜೆ ಹಾಕಿ. ದಾರಿ ಇನ್ನೂ ತೆರೆದಿಲ್ಲ ಅಂದರೆ ಕಾಯಿರಿ. ಸಿಕ್ಕಿಹಾಕಿಕೊಂಡರೆ ಎತ್ತರದ ಜಾಗಕ್ಕೆ ಹೋಗಿ, ಫೋನ್ ಮಾಡಿ, ಕೂತುಬಿಡಿ.

ಎಚ್ಚರಿಕೆಯ ಗುರುತು: ಮರಳಿನ ಕಾಲುವೆಗಳಲ್ಲಿ ನೀರು ದಡದ ಕಡೆಗೆ ಹರಿಯತೊಡಗಿದೆ, ಬರುವಾಗ ಒಣಗಿದ್ದ ಕಲ್ಲು ಒದ್ದೆಯಾಗಿದೆ, ನಿಮ್ಮ ಹೆಜ್ಜೆಗುರುತಿನಲ್ಲಿ ನೀರು ನಿಲ್ಲುತ್ತಿದೆ. ಇವುಗಳಲ್ಲಿ ಒಂದು ಕಂಡರೂ ತಿರುಗಿ. ಕಡಲು ನಿಮ್ಮ ಎದುರಿನಿಂದಲೇ ಬರಬೇಕೆಂದಿಲ್ಲ, ಹಿಂದಿನ ತಗ್ಗು ಮೊದಲು ತುಂಬಿರುತ್ತದೆ.

## ಹಂತ 3: ಈಗ ರೂಮು ಹುಡುಕಿ

ಹಳೆಯ ಊರಿನ ಮನೆಗಳು ಚಿತ್ರದಲ್ಲಿ ಕಾಣುವುದೇ ಬೇರೆ, ಇರುವುದೇ ಬೇರೆ. ಬುಕ್ ಮಾಡುವ ಮೊದಲು ಮಾಲೀಕರನ್ನು ನೇರವಾಗಿ ಕೇಳಿ. ರೂಮು ಎಷ್ಟನೆಯ ಮಹಡಿ, ಲಿಫ್ಟ್ ಇದೆಯಾ? ಕಿಟಕಿ ಯಾವ ದಿಕ್ಕಿಗೆ? ಗಾಡಿ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಎಷ್ಟು ಮೆಟ್ಟಿಲು? ರಾತ್ರಿ ಕೆಳಗಿನ ಬೀದಿಯಲ್ಲಿ ಎಷ್ಟು ಹೊತ್ತಿನವರೆಗೆ ಗದ್ದಲ?

ದಪ್ಪ ಕಲ್ಲುಗೋಡೆಯ ಕೆಳಮಹಡಿ ಮಧ್ಯಾಹ್ನವೂ ತಂಪಾಗಿರುತ್ತದೆ. ಛಾವಣಿಗೆ ಅಂಟಿದ ಮೇಲಿನ ಕೋಣೆ ನೋಡಲು ಚಂದ, ಮಲಗಲು ಬಿಸಿ. ಪಶ್ಚಿಮಕ್ಕೆ ಕಡಲಿರುವ ಊರಿನಲ್ಲಿ ಕಡಲ ಕಡೆಯ ರೂಮು ಎಂದರೆ ಮಧ್ಯಾಹ್ನದಿಂದ ಸಂಜೆಯವರೆಗೆ ನೇರ ಬಿಸಿಲು. ಮಧ್ಯಾಹ್ನ ರೂಮಿನಲ್ಲಿ ಮಲಗುವುದು ಈ ಯೋಜನೆಯ ಮುಖ್ಯ ಭಾಗ. ಹಾಗಾಗಿ ಕಿಟಕಿಯ ನೋಟಕ್ಕಿಂತ ತಂಪಿಗೆ ಹೆಚ್ಚು ಬೆಲೆ ಕೊಡಿ.

ದೂರವನ್ನು ಮೀಟರ್‌ನಲ್ಲಿ ಅಳೆಯಬೇಡಿ. ನಕ್ಷೆಯಲ್ಲಿ ದಂಡೆಗೆ 300 ಮೀಟರ್ ಇರಬಹುದು. ಆದರೆ ಕೋಟೆಯೂರುಗಳು ಹೆಚ್ಚಾಗಿ ಗುಡ್ಡದ ಮೇಲಿರುತ್ತವೆ. ಒದ್ದೆ ಟವೆಲ್ ಹೊತ್ತು ಇನ್ನೂರು ಮೆಟ್ಟಿಲು ಹತ್ತುವುದು ಬೇರೆಯೇ ಲೆಕ್ಕ. ಚಕ್ರದ ಸೂಟ್‌ಕೇಸ್ ಕೂಡ ಕಲ್ಲುಹಾಸಿನ ಮೇಲೆ ಉರುಳುವುದಿಲ್ಲ. ಬೆನ್ನಿಗೆ ಹಾಕುವ ಬ್ಯಾಗೇ ವಾಸಿ.

ಊರಿನೊಳಗೆ ಹೋಗಲು ಮುಂಚೆ ನೋಂದಣಿ ಬೇಕಾ ಅಂತಲೂ ನೋಡಿ. ವೆನಿಸ್ 2024ರ ಏಪ್ರಿಲ್‌ನಿಂದ ಕೆಲವು ದಿನಗಳಲ್ಲಿ ಹಗಲು ಬಂದು ಹೋಗುವವರಿಂದ ಪ್ರವೇಶ ಶುಲ್ಕ ಪಡೆಯುತ್ತಿದೆ. ಆ ಊರಿನಲ್ಲೇ ರಾತ್ರಿ ಉಳಿಯುವವರಿಗೆ ಶುಲ್ಕವಿಲ್ಲ.

## ಹಂತ 4: ಇಬ್ಬರೂ ಕೂತು ಮಾತಾಡಿ, ಹೊರಡುವ ಮೊದಲೇ

ಒಬ್ಬರಿಗೆ ಕೋಟೆ, ಮ್ಯೂಸಿಯಂ, ಶಾಸನ. ಇನ್ನೊಬ್ಬರಿಗೆ ಮರಳು, ನೀರು, ನಿದ್ದೆ. ಜೋಡಿಗಳಲ್ಲಿ ಇದು ಸಾಮಾನ್ಯ. ಅಲ್ಲಿಗೆ ಹೋಗಿ ಬಿಸಿಲಲ್ಲಿ ನಿಂತು ಇದನ್ನು ತೀರ್ಮಾನ ಮಾಡಲು ಹೊರಟರೆ ಜಗಳ ಖಂಡಿತ.

ಒಂದು ಹಾಳೆ ತೆಗೆದುಕೊಳ್ಳಿ. ದಿನಕ್ಕೆ ಒಬ್ಬೊಬ್ಬರಿಗೆ ಒಂದೇ ಆಯ್ಕೆ. ಅವರ ಆಯ್ಕೆಗೆ ಇನ್ನೊಬ್ಬರು ಮನಸಾರೆ ಜೊತೆ ಹೋಗಬೇಕು. ಉಳಿದ ಹೊತ್ತು ಖಾಲಿ ಬಿಡಿ. ದಿನಕ್ಕೆ ಎರಡೇ ಜಾಗ ಅಂದರೆ ಕಡಿಮೆ ಅನ್ನಿಸಬಹುದು. ಮಾಡಿ ನೋಡಿ, ಸಾಕಾಗುತ್ತದೆ.

ರಜೆಯ ನಡುವೆ ಅರ್ಧ ದಿನ ಬೇರೆ ಬೇರೆಯಾಗಿ ಓಡಾಡಿ. ಇದನ್ನು ಹೇಳಲು ಹಲವರು ಹಿಂಜರಿಯುತ್ತಾರೆ, ಜೊತೆಗಿದ್ದವರಿಗೆ ಬೇಸರವಾದೀತು ಅಂತ. ಮೊದಲೇ ಹಾಳೆಯಲ್ಲಿ ಬರೆದಿಟ್ಟರೆ ಯಾರಿಗೂ ಬೇಸರವಿಲ್ಲ. ಸಂಜೆ ಸೇರಿದಾಗ ಹೇಳಿಕೊಳ್ಳಲು ಇಬ್ಬರ ಬಳಿಯೂ ಏನಾದರೂ ಇರುತ್ತದೆ.

ತಪ್ಪಿಸಿಕೊಂಡರೆ ಸೇರುವ ಜಾಗ ಒಂದು ಗೊತ್ತು ಮಾಡಿ. ಹಳೆಯ ಊರಿನ ಓಣಿಗಳಲ್ಲಿ ಗೋಡೆಗಳು ದಪ್ಪ, ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ದೀಪಸ್ತಂಭ, ಕೋಟೆಯ ಮುಖ್ಯ ಬಾಗಿಲು, ಹೀಗೆ ಯಾರನ್ನು ಕೇಳಿದರೂ ತೋರಿಸುವ ಜಾಗವಾಗಿರಲಿ.

## ಹಂತ 5: ಬ್ಯಾಗು ತುಂಬುವುದು

ಎರಡು ಬ್ಯಾಗಿದ್ದರೆ ಒಬ್ಬೊಬ್ಬರದ್ದು ಒಂದೊಂದರಲ್ಲಿ ತುಂಬಬೇಡಿ. ಇಬ್ಬರ ಬಟ್ಟೆಯನ್ನೂ ಅರ್ಧರ್ಧ ಹಂಚಿ. ಒಂದು ಬ್ಯಾಗ್ ದಾರಿಯಲ್ಲಿ ಕಳೆದರೂ ಇಬ್ಬರಿಗೂ ತೊಡಲು ಬಟ್ಟೆ ಇರುತ್ತದೆ. ಹಣ, ಕಾರ್ಡು, ಗುರುತಿನ ಚೀಟಿಯ ನಕಲು ಕೂಡ ಹೀಗೆಯೇ. ದಿನಾ ತೆಗೆದುಕೊಳ್ಳುವ ಔಷಧಿ ಮಾತ್ರ ಕೈಚೀಲದಲ್ಲಿ.

ಹೊಸ ಚಪ್ಪಲಿ, ಹೊಸ ಶೂ ತರಬೇಡಿ. ಉಪ್ಪುನೀರು, ಮರಳು, ಬೆವರು ಸೇರಿದರೆ ಒಂದೇ ದಿನದಲ್ಲಿ ಗುಳ್ಳೆ ಬರುತ್ತದೆ.

## ಹಂತ 6: ದಿನವನ್ನು ಬಿಸಿಲಿನ ಪ್ರಕಾರ ಒಡೆಯಿರಿ

ಬೆಳಗ್ಗೆ ಬೇಗ ಕಲ್ಲು: ಕೋಟೆ, ಗೋಡೆ, ಮೆಟ್ಟಿಲು, ದೀಪಸ್ತಂಭ. ಮಧ್ಯಾಹ್ನ ನೆರಳು: ಊಟ, ನಿದ್ದೆ, ಮ್ಯೂಸಿಯಂ. ಇಳಿಹೊತ್ತು ನೀರು. ಕತ್ತಲಾದ ಮೇಲೆ ಓಣಿಗಳು. ಇಷ್ಟೇ ಚೌಕಟ್ಟು. ಉಬ್ಬರದ ಪಟ್ಟಿ ಇದರ ಮೇಲೆ ಕೂರಬೇಕು. ಇಳಿತ ಬೆಳಗ್ಗೆ ಬರುವ ದಿನ ದ್ವೀಪಕೋಟೆ, ಸಂಜೆ ಬರುವ ದಿನ ಬಂಡೆಗಳ ನಡುವಿನ ನಡಿಗೆ.

ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಬೆಳಗ್ಗೆ ತಂಪಾಗಿದೆ ಅಂತ ಮರಳಿನ ಮೇಲೆ ಮಲಗುತ್ತಾರೆ. ಹನ್ನೊಂದಕ್ಕೆ ಎದ್ದು ಕೋಟೆ ಹತ್ತುತ್ತಾರೆ. ಆ ಹೊತ್ತಿಗೆ ಕಲ್ಲು ಕಾದಿರುತ್ತದೆ, ಕೆಳಗಿನಿಂದಲೂ ಬಿಸಿ, ಮೇಲಿನಿಂದಲೂ ಬಿಸಿ. ಕ್ರೂಸ್ ಹಡಗು ಬರುವ ಬಂದರಾದರೆ ಜನಸಂದಣಿಯೂ ಆಗಲೇ. ಹಡಗು ಬರುವ ದಿನಗಳ ಪಟ್ಟಿ ಅನೇಕ ಬಂದರುಗಳಲ್ಲಿ ಮೊದಲೇ ಪ್ರಕಟವಾಗಿರುತ್ತದೆ. ಆ ದಿನಗಳಲ್ಲಿ ಊರಿನಿಂದ ದೂರದ ದಂಡೆಗೆ ಹೋಗಿ.

ಮ್ಯೂಸಿಯಂಗಳಿಗೆ ಹೆಚ್ಚಾಗಿ ವಾರಕ್ಕೊಂದು ರಜೆ ಇರುತ್ತದೆ. ಹಲವು ಕಡೆ ಅದು ಸೋಮವಾರ. ಮಧ್ಯಾಹ್ನದ ನೆರಳು ಅಲ್ಲೇ ಸಿಗಬೇಕು ಅಂತಿದ್ದರೆ ಬಾಗಿಲು ಮುಚ್ಚುವ ದಿನ ಮೊದಲೇ ನೋಡಿಕೊಳ್ಳಿ.

ಬಿಸಿಲು ಎಷ್ಟು ಜೋರು ಅಂತ ತಿಳಿಯಲು ಉಪಕರಣ ಬೇಡ. ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಚರ್ಮ ಸುಡುವ ಕಿರಣ ಜೋರಾಗಿದೆ, ಒಳಗೆ ಹೋಗಿ. ಮೊಬೈಲ್‌ನ ಹವಾಮಾನ ಪುಟದಲ್ಲಿ ಯುವಿ ಸೂಚ್ಯಂಕ, ಅಂದರೆ ಈ ಕಿರಣ ಎಷ್ಟು ಜೋರು ಅನ್ನುವ ಅಂಕಿ, ಸಿಗುತ್ತದೆ. 3 ಮುಟ್ಟಿದರೆ ರಕ್ಷಣೆ ಬೇಕು. 8 ಮುಟ್ಟಿದರೆ ನಡುಹಗಲು ಹೊರಗೆ ಇರಲೇಬಾರದು. ಮೋಡ ನಂಬಬೇಡಿ. ತೆಳು ಮೋಡದ ಮೂಲಕ ಈ ಕಿರಣದ ಬಹುಪಾಲು ಕೆಳಗೆ ಬರುತ್ತದೆ. ಒಣ ಮರಳು ಸುಮಾರು 15 ಶೇಕಡಾ, ಅಲೆಯ ನೊರೆ ಸುಮಾರು 25 ಶೇಕಡಾ ಕಿರಣವನ್ನು ಹಿಂದಕ್ಕೆ ಎಸೆಯುತ್ತದೆ. ಕೊಡೆಯ ಕೆಳಗೆ ಕೂತವರೂ ಕಪ್ಪಾಗುವುದು ಇದರಿಂದ.

ಕಡಲಗಾಳಿ ಇನ್ನೊಂದು ಮೋಸ. ಹಗಲು ನೆಲ ಬೇಗ ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲಿನಿಂದ ತಂಪು ಗಾಳಿ ನುಗ್ಗುತ್ತದೆ. ಮೈಗೆ ಹಿತ, ಬೆವರೂ ಕಾಣುವುದಿಲ್ಲ. ಚರ್ಮ ಸುಡುತ್ತಿರುವುದು ಮಾತ್ರ ನಿಂತಿರುವುದಿಲ್ಲ.

ಸನ್‌ಸ್ಕ್ರೀನ್ ಹಚ್ಚುವುದರಲ್ಲಿ ಎಲ್ಲರೂ ಜಿಪುಣತನ ಮಾಡುತ್ತಾರೆ. ಪೂರ್ತಿ ಮೈಗೆ ಸುಮಾರು 30 ಮಿಲಿಲೀಟರ್ ಬೇಕು. ಬಿಸಿಲಿಗೆ ಹೋಗುವ 15-20 ನಿಮಿಷ ಮೊದಲು ಹಚ್ಚಿ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಮತ್ತೆ ಹಚ್ಚಿ. ಬೆನ್ನು, ಕಿವಿಯ ಹಿಂಭಾಗ, ಕಾಲಿನ ಮೇಲ್ಭಾಗ ಒಬ್ಬರಿಗೊಬ್ಬರು ಹಚ್ಚಿಕೊಳ್ಳಿ. ಮರೆತುಹೋಗುವುದು ಇವೇ ಜಾಗಗಳು.

## ಹಂತ 7: ಕೋಟೆ ಮತ್ತು ಗೋಡೆಯ ಮೇಲೆ

ಹತ್ತುವ ಮೊದಲು ಇಳಿಯುವುದು ಎಲ್ಲಿ ಅಂತ ಕೇಳಿ. ಡುಬ್ರೊವ್ನಿಕ್‌ನ ಗೋಡೆ ಸುಮಾರು 2 ಕಿಲೋಮೀಟರ್ ಉದ್ದ, ಒಂದೇ ದಿಕ್ಕಿನಲ್ಲಿ ನಡೆಯಬೇಕು, ಹೆಚ್ಚಿನ ದಾರಿಯಲ್ಲಿ ನೆರಳಿಲ್ಲ. ಅರ್ಧದಲ್ಲಿ ಸುಸ್ತಾದರೆ ಬಂದ ದಾರಿಯಲ್ಲೇ ಇಳಿದುಬರುತ್ತೇನೆ ಅಂದರೆ ಆಗುವುದಿಲ್ಲ. ಇಂಥ ಕಡೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ನೀರು ಹೊತ್ತುಕೊಂಡೇ ಹೋಗಿ.

ಉಪ್ಪುಗಾಳಿ ಹಳೆಯ ಗಾರೆಯನ್ನು ಒಳಗಿನಿಂದ ತಿನ್ನುತ್ತದೆ. ಉಪ್ಪುನೀರು ಕಲ್ಲಿನ ಸಂದಿಗೆ ಇಳಿಯುತ್ತದೆ, ನೀರು ಆರಿದಾಗ ಉಪ್ಪಿನ ಹರಳು ಬೆಳೆದು ಗಾರೆಯನ್ನು ಒಡೆಯುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಬುರುಜಿನ ಅಂಚು ಕೈಯಿಟ್ಟರೆ ಕಳಚಬಹುದು. ಅಂಚಿನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಬೇಡಿ. ಜೋಡಿಗಳು ಇದನ್ನೇ ಹೆಚ್ಚು ಮಾಡುತ್ತಾರೆ. ಒಬ್ಬರು ಕ್ಯಾಮೆರಾ ಹಿಡಿದು "ಸ್ವಲ್ಪ ಹಿಂದೆ" ಅನ್ನುತ್ತಾರೆ, ಇನ್ನೊಬ್ಬರು ನೋಡದೆ ಹಿಂದೆ ಸರಿಯುತ್ತಾರೆ. ಆ ಮಾತನ್ನೇ ಬಿಟ್ಟುಬಿಡಿ. ಕ್ಯಾಮೆರಾ ಹಿಡಿದವರು ಮುಂದೆ ಬಂದರೆ ಸಾಕು, ಅಲ್ವಾ?

ಬಂದರಿನ ಕಲ್ಲು ಮೆಟ್ಟಿಲುಗಳಲ್ಲಿ ಬಣ್ಣ ನೋಡಿ. ಉಬ್ಬರದ ಗೆರೆಯ ಮೇಲೆ ಕಲ್ಲು ಬೆಳ್ಳಗಿರುತ್ತದೆ, ಕೆಳಗೆ ಹಸಿರು ಅಥವಾ ಕಪ್ಪು. ಆ ಹಸಿರು ಪಾಚಿ, ಎಣ್ಣೆ ಚೆಲ್ಲಿದಷ್ಟೇ ಜಾರುತ್ತದೆ. ಬಣ್ಣ ಬದಲಾಗುವ ಮೆಟ್ಟಿಲಿನಲ್ಲೇ ನಿಂತುಬಿಡಿ.

## ಹಂತ 8: ನೀರಿಗಿಳಿಯುವುದು

ಮೊದಲು ಐದು ನಿಮಿಷ ದಡದಲ್ಲಿ ನಿಂತು ನೋಡಿ. ಬಾವುಟ ಯಾವುದಿದೆ? ಹಲವು ದೇಶಗಳಲ್ಲಿ ಕೆಂಪು-ಹಳದಿ ಬಾವುಟಗಳ ನಡುವಿನ ಜಾಗವನ್ನು ಲೈಫ್‌ಗಾರ್ಡ್‌ಗಳು ಕಾಯುತ್ತಾರೆ, ಅಲ್ಲೇ ಈಜಿ. ಕೆಂಪು ಒಂದೇ ಇದ್ದರೆ ಅಪಾಯ, ಹಲವು ಕಡೆ ಅದಕ್ಕೂ ನೀರಿಗಿಳಿಯಬಾರದು ಅಂತಲೇ ಅರ್ಥ. ಎರಡು ಕೆಂಪು ಇದ್ದರೆ ನೀರಿಗೆ ಹೋಗುವಂತಿಲ್ಲ. ನೇರಳೆ ಬಣ್ಣದ್ದಿದ್ದರೆ ಕಚ್ಚುವ, ಚುಚ್ಚುವ ಜೀವಿಗಳಿವೆ ಅಂತ ಅರ್ಥ. ಬಾವುಟದ ಪದ್ಧತಿ ಎಲ್ಲ ಕಡೆ ಒಂದೇ ಇರುವುದಿಲ್ಲ. ದಂಡೆಯ ಫಲಕ ಓದಿ, ಅಲ್ಲಿ ಬರೆದದ್ದೇ ಕೊನೆಯ ಮಾತು.

ಆಮೇಲೆ ಅಲೆ ನೋಡಿ. ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟೆಯಲ್ಲಿ ಮಾತ್ರ ಒಡೆಯುತ್ತಿಲ್ಲ, ನೀರು ಕಪ್ಪಾಗಿ ಶಾಂತವಾಗಿದೆ. ಹೊಸಬರು ಅದೇ ಸುರಕ್ಷಿತ ಅಂದುಕೊಂಡು ಅಲ್ಲೇ ಇಳಿಯುತ್ತಾರೆ. ಅದು ಸೆಳೆತ. ದಡಕ್ಕೆ ಬಂದ ನೀರು ಕಡಲಿಗೆ ವಾಪಸ್ ಓಡುವ ದಾರಿ. ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ದಾಟಿದ ಅಳತೆಗಳಿವೆ, ಒಲಿಂಪಿಕ್ ಈಜುಗಾರರೂ ಅದರ ವಿರುದ್ಧ ಈಜಲಾರರು. ಹಳೆಯ ಬಂದರಿನ ಗೋಡೆ, ಧಕ್ಕೆ, ಕಲ್ಲುರಾಶಿಗಳ ಪಕ್ಕದಲ್ಲಿ ಇದು ಆಗಾಗ ಇರುತ್ತದೆ. ಹಾಗಾಗಿ ಹಳೆಯ ಊರಿನ ದಂಡೆಯಲ್ಲಿ ಗೋಡೆಯ ಬುಡದಲ್ಲಿ ಈಜಲೇಬಾರದು.

ಸೆಳೆತಕ್ಕೆ ಸಿಕ್ಕರೆ ಏನು ಮಾಡಬೇಕು ಅಂತ ಇಬ್ಬರೂ ಬಾಯಿಪಾಠ ಮಾಡಿಕೊಳ್ಳಿ:

1. ದಡದ ಕಡೆಗೆ ನೇರ ಈಜಬೇಡಿ. ಸುಸ್ತಾಗುವುದೇ ಮುಳುಗಲು ಕಾರಣ.
2. ಬೆನ್ನ ಮೇಲೆ ತೇಲಿ, ಉಸಿರು ಹಿಡಿತಕ್ಕೆ ತನ್ನಿ. ಸೆಳೆತ ಹೊರಕ್ಕೆ ಎಳೆಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ.
3. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುವ ಕಡೆಗೆ ಈಜಿ, ಆಮೇಲೆ ಓರೆಯಾಗಿ ದಡಕ್ಕೆ ಬನ್ನಿ.
4. ಆಗದಿದ್ದರೆ ತೇಲುತ್ತಲೇ ಕೈ ಎತ್ತಿ ಬೀಸಿ, ಕೂಗಿ.

ದಡದಲ್ಲಿರುವವರು ಸೆಳೆತಕ್ಕೆ ಸಿಕ್ಕವರನ್ನು ಹಿಡಿಯಲು ಬರಿಗೈಯಲ್ಲಿ ನೀರಿಗೆ ಹಾರಬಾರದು. ನನಗೆ ಗೊತ್ತು, ಇದು ಹೇಳುವಷ್ಟು ಸುಲಭವಲ್ಲ. ಆದರೆ ಹಾಗೆ ಹಾರಿದವರೇ ಮುಳುಗಿದ ಘಟನೆಗಳು ಮತ್ತೆ ಮತ್ತೆ ಆಗುತ್ತವೆ. ಲೈಫ್‌ಗಾರ್ಡ್ ಕರೆಯಿರಿ, ತುರ್ತು ಸಂಖ್ಯೆಗೆ ಫೋನ್ ಮಾಡಿ, ತೇಲುವ ವಸ್ತು ಏನಾದರೂ ಎಸೆಯಿರಿ, ಕಣ್ಣು ತೆಗೆಯದೆ ಅವರಿರುವ ಕಡೆ ಕೈ ತೋರಿಸುತ್ತಿರಿ.

ಇಬ್ಬರೇ ಹೋದಾಗ ಒಳ್ಳೆಯ ಪದ್ಧತಿ ಎಂದರೆ ಒಬ್ಬರು ಈಜುವುದು, ಇನ್ನೊಬ್ಬರು ನೋಡುವುದು. ಸಾಮಾನಿಗೂ ಕಾವಲಾಯಿತು. ನೋಡುವವರು ಮೊಬೈಲ್ ಹಿಡಿಯಬಾರದು. ಮುಳುಗುತ್ತಿರುವವರು ಸಾಮಾನ್ಯವಾಗಿ ಕೂಗುವುದೂ ಇಲ್ಲ, ಕೈ ಬಡಿಯುವುದೂ ಇಲ್ಲ. ಮೈ ನೆಟ್ಟಗೆ, ತಲೆ ಹಿಂದಕ್ಕೆ, ಬಾಯಿ ನೀರಿನ ಮಟ್ಟದಲ್ಲಿ. "ಚೆನ್ನಾಗಿದೀಯಾ?" ಅಂತ ಕೇಳಿದಾಗ ಉತ್ತರ ಬರದಿದ್ದರೆ ಅದೇ ಎಚ್ಚರಿಕೆ.

ಗಾಳಿ ದಡದಿಂದ ಕಡಲಿನ ಕಡೆಗೆ ಬೀಸುತ್ತಿರುವ ದಿನ ಗಾಳಿ ತುಂಬಿದ ಟ್ಯೂಬು, ಹಾಸಿಗೆ ನೀರಿಗೆ ಒಯ್ಯಬೇಡಿ. ದಡದ ಬಳಿ ನೀರು ಕನ್ನಡಿಯಂತೆ ಇರುತ್ತದೆ, ಹಾಸಿಗೆ ಮಾತ್ರ ಗೊತ್ತಾಗದಂತೆ ದೂರ ಹೋಗುತ್ತಿರುತ್ತದೆ. ನೀರು ತಣ್ಣಗಿದ್ದರೆ ಹಾರಬೇಡಿ, ನಿಧಾನಕ್ಕೆ ಇಳಿಯಿರಿ. 15 ಡಿಗ್ರಿಗಿಂತ ತಣ್ಣನೆಯ ನೀರು ಮೈಗೆ ತಟ್ಟಿದೊಡನೆ ಏದುಸಿರು ಬರುತ್ತದೆ, ಆ ಉಸಿರಲ್ಲಿ ನೀರು ಒಳಗೆ ಹೋಗುತ್ತದೆ. ಮದ್ಯ ಕುಡಿದ ಮೇಲೆ ನೀರಿಗಿಳಿಯುವುದು ಬೇಡವೇ ಬೇಡ.

ಜೆಲ್ಲಿಫಿಶ್ ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಕಡಲ ನೀರಿನಿಂದಲೇ ತೊಳೆಯಿರಿ, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ, ಲೈಫ್‌ಗಾರ್ಡ್‌ಗೆ ತೋರಿಸಿ. ಮುಂದಿನ ಚಿಕಿತ್ಸೆ ಆ ಕಡಲಿನಲ್ಲಿರುವ ಜಾತಿಯ ಮೇಲೆ ಹೋಗುತ್ತದೆ, ಅವರಿಗೆ ಅದು ಗೊತ್ತಿರುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

## ಹಂತ 9: ಒಬ್ಬರನ್ನೊಬ್ಬರು ಗಮನಿಸುವುದು

ಬಿಸಿಲು ತಗಲಿದವರಿಗೆ ತಮಗೆ ತಗಲಿದ್ದು ಗೊತ್ತಾಗುವುದಿಲ್ಲ. ಜೊತೆಯವರಿಗೆ ಮೊದಲು ಕಾಣುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಜಾಸ್ತಿ ಬೆವರು, ಮೀನಖಂಡ ಹಿಡಿಯುವುದು ಮೊದಲ ಗುರುತುಗಳು. ಕೂಡಲೇ ನೆರಳಿಗೆ ಕರೆದೊಯ್ಯಿರಿ, ಮಲಗಿಸಿ ಕಾಲು ಸ್ವಲ್ಪ ಎತ್ತಿ, ನೀರು ಕುಡಿಸಿ, ಬಟ್ಟೆ ಒದ್ದೆ ಮಾಡಿ ಗಾಳಿ ಹಾಕಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ವೈದ್ಯರ ಸಹಾಯ ಬೇಕು.

ಮಾತು ತೊದಲುವುದು, ಎಲ್ಲಿದ್ದೇನೆ ಅಂತ ತಿಳಿಯದಿರುವುದು, ಎಚ್ಚರ ತಪ್ಪುವುದು ಕಂಡರೆ ಅದು ಬಿಸಿಲಾಘಾತ. ಮೈ ಒಣಗಿರಬಹುದು, ಬೆವರಿರಲೂಬಹುದು. ದೇಹದ ಒಳಗಿನ ಬಿಸಿ 40 ಡಿಗ್ರಿ ದಾಟಿರುತ್ತದೆ. ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೆ ಮೈಮೇಲೆ ತಣ್ಣೀರು ಸುರಿಯುತ್ತಲೇ ಇರಿ. ಎಚ್ಚರವಿಲ್ಲದವರಿಗೆ ಏನನ್ನೂ ಕುಡಿಸಬೇಡಿ. ತುರ್ತು ಸಂಖ್ಯೆ ಭಾರತದಲ್ಲೂ ಯುರೋಪಿಯನ್ ಒಕ್ಕೂಟದ ದೇಶಗಳಲ್ಲೂ 112. ಬೇರೆ ಕಡೆಯದ್ದನ್ನು ಹೋದ ದಿನವೇ ಇಬ್ಬರ ಮೊಬೈಲ್‌ನಲ್ಲೂ ಬರೆದಿಡಿ.

ಇನ್ನೊಂದು ಗುರುತು ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಅನುಭವದಲ್ಲಿದೆ. ಸಣ್ಣ ವಿಷಯಕ್ಕೆ ಒಬ್ಬರು ಸಿಡುಕಿದರೆ ಮೊದಲು ಗಡಿಯಾರ ನೋಡಿ. ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ ಇದ್ದರೆ ಉತ್ತರ ಕೊಡಬೇಡಿ, ನೀರು ಕೊಡಿ. ನೆರಳು, ನೀರು, ಊಟ ಆದ ಮೇಲೂ ಸಿಟ್ಟು ಉಳಿದಿದ್ದರೆ ಆಗ ಮಾತಾಡಿ. ನಮ್ಮ ಮನೆಯಲ್ಲಿ ಹೆಚ್ಚಾಗಿ ಉಳಿದಿರುವುದಿಲ್ಲ.

## ಹಂತ 10: ಕೊನೆಯ ದಿನ

ಕೊನೆಯ ದಿನ ನೀರಿಗೂ ಬೇಡ, ದ್ವೀಪಕ್ಕೂ ಬೇಡ. ಬಸ್ಸೋ ರೈಲೋ ಹಿಡಿಯುವ ಅವಸರದಲ್ಲಿ ಉಬ್ಬರದ ಲೆಕ್ಕ ತಪ್ಪುವುದು ಅವತ್ತೇ.

ಹಿಂದಿನ ಸಂಜೆಯೇ ಈಜುಬಟ್ಟೆಗಳನ್ನು ಸಿಹಿನೀರಲ್ಲಿ ಜಾಲಿಸಿ ಒಣಹಾಕಿ. ಉಪ್ಪು ಉಳಿದರೆ ಬಟ್ಟೆ ಗಾಳಿಯ ತೇವ ಹೀರಿ ಒಣಗುವುದೇ ಇಲ್ಲ. ಮೊಬೈಲ್, ಕ್ಯಾಮೆರಾ, ಕನ್ನಡಕವನ್ನು ಮೊದಲು ಮರಳು ಊದಿ ತೆಗೆದು, ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ. ಮರಳಿದ್ದಾಗಲೇ ಒರೆಸಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಶೂ ಒಳಗೆ ಕಾಗದ ತುರುಕಿ ರಾತ್ರಿ ಬಿಡಿ.

ಕೋಟೆಯ ಕಲ್ಲಿನ ಚೂರು, ಬಂಡೆಗೆ ಅಂಟಿದ ಜೀವಂತ ಚಿಪ್ಪು ಬ್ಯಾಗಿಗೆ ಬರಬಾರದು. ಹೊರಡುವ ಬೆಳಗ್ಗೆ ಬ್ಯಾಗಿನ ಜೇಬುಗಳನ್ನು ಒಮ್ಮೆ ತೆಗೆದು ನೋಡಿ, ಮರಳನ್ನು ದಂಡೆಯಲ್ಲೇ ಕೊಡವಿ. ಆಮೇಲೆ ಬೀಗದ ಕೈ ವಾಪಸ್ ಕೊಡಿ.